‘ಮರಳಿ ಮಣ್ಣಿಗೆ’ಯನ್ನು ಅರ್ಧಕ್ಕೆ ನಿಲ್ಲಿಸಿದ್ದೇನೆ, ಮುಂದುವರಿಸಲೇ?

ಕರಾವಳಿಯ ಒಂದು ಮನೆತನದ ಮೂರು ತಲೆಮಾರಿನ ಕತೆ ಹೇಳುವ ಶಿವರಾಮ ಕಾರಂತರ ಕಾದಂಬರಿ ‘ಮರಳಿ ಮಣ್ಣಿಗೆ’ಯನ್ನು ಲಚ್ಚ ದಾರಿ ತಪ್ಪುವವರೆಗೆ ಓದಿ ಮುಚ್ಚಿಟ್ಟಿದ್ದೇನೆ, ಯಾರು ಯಾರಿಗೆ ಏನಾಗಬೇಕು ಎಂಬುದು ಕಲಸಿಹೋಗುತ್ತದೆ, ದುಃಖವೂ ಅತಿಯಾಯಿತು ಎಂದು ಕೇಳಿದ್ದೀರಿ. ಮೊದಲ ಸಲ ನಾನೂ ಅಲ್ಲಿಯೇ ಕೈಬಿಟ್ಟವನು. ಲಚ್ಚನ ಮೇಲಿನ ಸಿಟ್ಟಿಗೆ ಪುಸ್ತಕವನ್ನು ಗ್ರಂಥಾಲಯಕ್ಕೆ ಹಿಂದಿರುಗಿಸಿ ಬಂದಿದ್ದೆ.

ಎರಡನೆಯ ಸಲ ಓದಿಸಿದವಳು ನಮ್ಮ ಆಯಿ, ಅಪ್ಪನ ತಾಯಿ. ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಹಳೆಯ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋಯಿತು. 1964ರಲ್ಲಿ ಆಣೆಕಟ್ಟಿಗೆ ಅಡಿಗಲ್ಲು ಬಿದ್ದಾಗ ಆಯಿ ಆ ಮನೆಗೆ ಹೊಸ ಸೊಸೆ. ನೀರು ಅಂಗಳ ಮುಟ್ಟುವ ಹೊತ್ತಿಗೆ ಮೊಮ್ಮಗನಾದ ನಾನು ಶಾಲೆಗೆ ಹೋಗುತ್ತಿದ್ದೆ. ಮೂರು ತಲೆಮಾರು ಎಂದರೆ ಎಷ್ಟು ಉದ್ದ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವ ಅಳತೆ ಇದೇ.

ಆಯಿಯ ಕಣ್ಣು ಮಂದವಾದ ಮೇಲೆ ರಾತ್ರಿ ಊಟವಾದ ನಂತರ ಹತ್ತು ಹನ್ನೆರಡು ಪುಟ ಓದಿ ಹೇಳುತ್ತಿದ್ದೆ. ಕಡಲು, ಅಳಿವೆ, ಭತ್ತದ ಗದ್ದೆ, ಜಡಿಮಳೆ: ಬಿಳಿಜೋಳದ ಎರೆನೆಲದಲ್ಲಿ ಬಾಳಿದವಳಿಗೆ ಇವೆಲ್ಲ ಪರದೇಶ. ಅಂಥ ಕಡೆ ಸುಮ್ಮನೆ ಕೇಳುತ್ತಿದ್ದಳು. ರಾಮ ಐತಾಳರ ಹೆಂಡತಿ ಪಾರ್ವತಿ, ವಿಧವೆಯಾಗಿ ಆ ಮನೆಯಲ್ಲೇ ಉಳಿದ ಐತಾಳರ ಸೋದರಿ ಸರಸ್ವತಿ ಇಬ್ಬರೂ ದುಡಿಯುವ ಭಾಗ ಬಂದಾಗ ಮಾತ್ರ ತಡೆದು, “ಅವರಿಬ್ಬರೂ ಊಟ ಮಾಡುವುದು ಯಾವಾಗ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಅಲ್ಲಿಯವರೆಗೆ ನಾನು ಐತಾಳ, ಲಚ್ಚ, ರಾಮ ಎಂದು ಗಂಡಸರ ಬೆನ್ನು ಹಿಡಿದೇ ಓದುತ್ತ ಬಂದಿದ್ದೆ.

ನಿಮ್ಮ ಹೆಸರುಗಳ ಗೊಂದಲಕ್ಕೆ ಮದ್ದು ಅಲ್ಲಿದೆ. ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲ್‌ನಿಂದ ವಂಶಾವಳಿ ಬರೆದುಕೊಳ್ಳಿ, ಆದರೆ ಹೆಂಗಸರಿಂದ ಶುರುಮಾಡಿ. ಮೊದಲು ಪಾರ್ವತಿ, ಸರಸ್ವತಿ. ಮಕ್ಕಳಾಗದ ಪಾರ್ವತಿಯ ಮೇಲೆ ಸವತಿಯಾಗಿ ಬಂದ ಸತ್ಯಭಾಮೆ, ಅವಳ ಮಗ ಲಚ್ಚ. ಲಚ್ಚನನ್ನು ಕಟ್ಟಿಕೊಂಡು ಸೋತರೂ ಮಗನನ್ನು ದಡ ಸೇರಿಸುವ ನಾಗವೇಣಿ. ಆ ಮಗನೇ ಮೂರನೆಯ ತಲೆಮಾರಿನ ರಾಮ. ಅಜ್ಜನ ಹೆಸರೇ ಮೊಮ್ಮಗನಿಗೂ ಬಂದಿರುವುದರಿಂದ ಎಲ್ಲರೂ ಎಡವುವುದು ಇಲ್ಲಿಯೇ. ನಮ್ಮ ಕಡೆ ಉತಾರ, ಅಂದರೆ ಜಮೀನಿನ ದಾಖಲೆ, ನೋಡುವವರಿಗೆ ಈ ತೊಡಕು ಹೊಸದಲ್ಲ.

ಉತಾರ ಎಂದಾಗ ನೆನಪಾಯಿತು. ಮುಳುಗಡೆಯ ಪರಿಹಾರದ ಕಾಲಕ್ಕೆ ಬರೆಸಿದ ನಮ್ಮದೇ ವಂಶಾವಳಿಯ ಪ್ರತಿಯೊಂದು ಅಪ್ಪನ ತಗಡಿನ ಪೆಟ್ಟಿಗೆಯಲ್ಲಿದೆ. ಮಡಿಕೆ ಬಿದ್ದಲ್ಲೆಲ್ಲ ಹರಿದಿದೆ. ಮುತ್ತಜ್ಜನಿಂದ ಕೆಳಗೆ ಗೆರೆ ಎಳೆದು ಗಂಡುಮಕ್ಕಳನ್ನೆಲ್ಲ ನಮೂದಿಸಿದ್ದಾರೆ. ಗಂಡ ತೀರಿದ ಮೇಲೆ ತವರಿಗೆ ಬಂದು ನಲವತ್ತು ವರ್ಷ ಎಮ್ಮೆ ಹಿಂಡಿ, ರೊಟ್ಟಿ ಬಡಿದು, ನನ್ನ ಅಪ್ಪನನ್ನು ಎತ್ತಿ ಆಡಿಸಿದ ಅವರ ಸೋದರತ್ತೆಗೆ ಅಲ್ಲಿ ಒಂದು ಗೆರೆಯೂ ಇಲ್ಲ. ಬರೆಸಿದವರು ಬೇರೆ ಯಾರೂ ಅಲ್ಲ, ನಮ್ಮವರೇ. ಸರಸ್ವತಿಯ ಭಾಗ ಓದಿ ಮುಗಿಸಿದ ರಾತ್ರಿ ಆಯಿ ಆ ಸೋದರತ್ತೆಯ ಹೆಸರನ್ನು ಎರಡು ಸಲ ಹೇಳಿದಳು.

ಇನ್ನು ದುಃಖದ ಮಾತು. ಕಾರಂತರು ಓದುಗರನ್ನು ಅಳಿಸಬೇಕೆಂದು ಬರೆದವರಲ್ಲ. ಸಾವನ್ನೂ ಸಾಲವನ್ನೂ ಒಂದೇ ದನಿಯಲ್ಲಿ ಹೇಳಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಕಣ್ಣು ತುಂಬಿಸುವುದು ಆ ನಿರ್ಲಿಪ್ತತೆ. ಹಾಗಾಗಿ ಒಂದೇ ಗುಕ್ಕಿಗೆ ನುಂಗಬೇಡಿ. ನೀವು ನಿಲ್ಲಿಸಿರುವ ಕಡೆಯಿಂದ ಕತೆ ನಾಗವೇಣಿಯ ಕೈಗೆ ಬರುತ್ತದೆ. ರಾಮ ಮದರಾಸಿನಲ್ಲಿ ಓದುವುದು, ಸ್ವಾತಂತ್ರ್ಯ ಚಳವಳಿಗೆ ಇಳಿಯುವುದು ನನಗೆ ಸ್ವಲ್ಪ ಉದ್ದವೆನಿಸಿತು, ಬೇಕಿದ್ದರೆ ಬೇಗ ಬೇಗ ಓದಿ. ಅವನು ಊರಿಗೆ ತಿರುಗುವ ಭಾಗವನ್ನು ಮಾತ್ರ ಅವಸರದಲ್ಲಿ ಓದಬೇಡಿ.

ಅದನ್ನು ಓದಿದ್ದು ಬೇಸಿಗೆಯಲ್ಲಿ. ಹಿನ್ನೀರು ಇಳಿದು ಹಳೆಯ ಊರಿನ ಗೋಡೆಗಳ ಬುಡ ಕಾಣುತ್ತಿದ್ದ ದಿನಗಳು. ಆಯಿ ಬಹಳ ಹೊತ್ತು ಮಾತಾಡದೆ ಕುಳಿತು, “ಅವನಿಗೆ ಮರಳಲು ಮಣ್ಣಾದರೂ ಇತ್ತಲ್ಲ” ಎಂದಳು. ಮರುದಿನ ರಾತ್ರಿ ಮೊದಲ ಪುಟದಿಂದ ಮತ್ತೆ ಓದು ಎಂದಳು. ಪಾರ್ವತಿ ಊಟಕ್ಕೆ ಕೂರುವ ಜಾಗವನ್ನು ನಾನು ಹಾರಿಸಿರಬೇಕು ಎಂಬುದು ಅವಳ ಅನುಮಾನ.