ಶ್ವಾಸಕೋಶದ ಬಯಾಪ್ಸಿಗೆ ‘ರೋಸ್’ ಇರುವ ಆಸ್ಪತ್ರೆಯೇ ಬೇಕಾ?

ತಂದೆಯವರ ಶ್ವಾಸಕೋಶದ ಗಂಟಿಗೆ ಬಯಾಪ್ಸಿ ಆಗಬೇಕು, ‘ರೋಸ್’ (ಸೂಜಿಯಲ್ಲಿ ತೆಗೆದದ್ದನ್ನು ಆಗಲೇ, ಅಲ್ಲೇ ಮೈಕ್ರೋಸ್ಕೋಪಿನಲ್ಲಿ ನೋಡೋ ವ್ಯವಸ್ಥೆ) ಇದ್ದರೆ ಕ್ಯಾನ್ಸರ್ ಹೌದೋ ಅಲ್ಲವೋ ಅಲ್ಲೇ ಹೇಳ್ತಾರಂತೆ, ಅದಕ್ಕೋಸ್ಕರ ಕೋಲಾರ ಬಿಟ್ಟು ಬೆಂಗಳೂರಿಗೆ ಹೋಗಬೇಕಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ನಮ್ಮಪ್ಪ ನೆನಪಾದರು.

ನಮ್ಮದು ಶ್ರೀನಿವಾಸಪುರದ ಕಡೆ, ಮಾವಿನ ತೋಟ. ಅಪ್ಪ 30 ವರ್ಷ ಬೀಡಿ ಸೇದಿದವರು. ಸ್ಕ್ಯಾನಿನಲ್ಲಿ ಗಂಟು ಕಂಡ ದಿನವೇ ಮನೆಯವರೆಲ್ಲ ಕ್ಯಾನ್ಸರ್ ಅಂತ ತೀರ್ಮಾನ ಮಾಡಿಬಿಟ್ಟೆವು. ಬಯಾಪ್ಸಿ ದಿನ ಟೆಕ್ನಿಷಿಯನ್ ಹೊರಗೆ ಬಂದು ಕೇಳಿದ: “ಸಾರ್, ಟಿಬಿಗೂ ಕಳಿಸ್ಬೇಕಾ? ಹಂಗಾದ್ರೆ ಸಲೈನ್ ಹಾಕಿ ಇನ್ನೊಂದು ಬಾಟ್ಲಿ ಇಟ್ಕೋಬೇಕು.” ನಾನು “ಬೇಡಪ್ಪ, ಅವರಿಗೆ ಕೆಮ್ಮೇ ಇಲ್ಲ” ಅಂದೆ.

ನಾನು ಮಾಡಿದ ತಪ್ಪು ಅದೇ. ತೆಗೆದ ಚೂರುಗಳೆಲ್ಲ ಫಾರ್ಮಲಿನ್ ಬಾಟಲಿಗೆ ಹೋದವು. ಫಾರ್ಮಲಿನ್ ಚೂರನ್ನು ಕೊಳೆಯದಂತೆ ಕಾಪಾಡುತ್ತೆ, ನಿಜ. ಆದರೆ ಅದರಲ್ಲಿರೋ ಟಿಬಿ ಕ್ರಿಮಿಯನ್ನೂ ಸಾಯಿಸುತ್ತೆ. ಸತ್ತ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡೋಕೆ ಆಗಲ್ಲ. 8 ದಿನ ಬಿಟ್ಟು ರಿಪೋರ್ಟ್ ಬಂತು: ಬರೀ ಸತ್ತ ಜೀವಕೋಶಗಳಿವೆ, ಏನೂ ಹೇಳಲಾಗದು, ಮತ್ತೆ ಮಾಡಿಸಿ. ಕ್ಯಾನ್ಸರ್ ಗಂಟಿನ ನಡುವೆಯೂ ಹಾಗೆ ಸತ್ತ ಭಾಗ ಇರುತ್ತೆ, ಟಿಬಿ ಗಂಟಿನಲ್ಲೂ ಇರುತ್ತೆ. ಸಲೈನಿನಲ್ಲಿ ಒಂದೇ ಒಂದು ಚೂರು ಉಳಿಸಿದ್ದರೆ ಆ ವಾರವೇ ಟಿಬಿ ಪರೀಕ್ಷೆ ಮಾಡಿಸಬಹುದಿತ್ತು. “ಡಾಕ್ಟರನ್ನ ಕೇಳಿ” ಅಂತಾದರೂ ಹೇಳಬಹುದಿತ್ತು. ಅದು ನಾನು ಉತ್ತರ ಕೊಡೋ ಪ್ರಶ್ನೆಯೇ ಆಗಿರಲಿಲ್ಲ. ಆ ಸೂಜಿಯಿಂದ ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಂಡು ಅಪ್ಪ ಒಂದು ರಾತ್ರಿ ಆಕ್ಸಿಜನ್ ಮೇಲೆ ಇದ್ದರು. ಇನ್ನೊಂದು ಸಲ ಚುಚ್ಚಿಸಿಕೊಳ್ಳೋಕೆ ಒಪ್ಪಿಸುವಷ್ಟರಲ್ಲಿ ಒಂದು ತಿಂಗಳು ಹೋಯಿತು.

ಎರಡನೇ ಸಲ ಬೆಂಗಳೂರು. ಅಲ್ಲಿ ಸ್ಕ್ಯಾನ್ ರೂಮಿನ ಪಕ್ಕದಲ್ಲೇ ಒಬ್ಬ ಮೇಡಂ ಮೈಕ್ರೋಸ್ಕೋಪ್ ಇಟ್ಟುಕೊಂಡು ಕೂತಿದ್ದರು. ಸೂಜಿಯಲ್ಲಿ ಬಂದದ್ದನ್ನು ಗಾಜಿನ ಸ್ಲೈಡ್ ಮೇಲೆ ಸವರಿ, ಗಾಳಿಯಲ್ಲಿ ಆಡಿಸಿ ಒಣಗಿಸಿ, ಮೂರು ಪುಟ್ಟ ಡಬ್ಬಿಗಳಲ್ಲಿ ಒಂದಾದ ಮೇಲೊಂದರಂತೆ ಅದ್ದಿದರು. ಕೊನೆಯದರಲ್ಲಿ ನೀಲಿ ಬಣ್ಣ. ಕೆಲವೇ ನಿಮಿಷ. “ಇದು ನಡುವಿನ ಸತ್ತ ಭಾಗ, ಅಂಚಿನಿಂದ ತೆಗೀರಿ” ಅಂದರು. ಡಾಕ್ಟರ್ ಸೂಜಿಯ ದಿಕ್ಕು ಬದಲಿಸಿದರು. ಮುಂದಿನ ಸ್ಲೈಡ್ ನೋಡಿ “ಗ್ರ್ಯಾನುಲೋಮಾ ಥರ ಇದೆ, ಒಂದು ಚೂರು ಸಲೈನಿಗೆ ಹಾಕಿ” ಅಂದರು. ಗ್ರ್ಯಾನುಲೋಮಾ ಅಂದರೆ ಟಿಬಿಯಂಥ ಕಾಯಿಲೆಯಲ್ಲಿ ಕಾಣೋ ಜೀವಕೋಶಗಳ ಗುಂಪು. ಆ ಚೂರು ಜೀನ್ ಎಕ್ಸ್‌ಪರ್ಟ್ ಅನ್ನೋ ಟಿಬಿ ಪರೀಕ್ಷೆಗೆ ಹೋಯಿತು. ಟಿಬಿ. 6 ತಿಂಗಳ ಮಾತ್ರೆ, ಅದೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ.

ಹಾಗಾಗಿ ನೀವು ಅಂದುಕೊಂಡಿರೋದು ಸರಿಯಿಲ್ಲ. ರೋಸ್ ಇರೋದು ಅಲ್ಲೇ ಕ್ಯಾನ್ಸರ್ ತೀರ್ಪು ಕೊಡೋಕಲ್ಲ. ಸೂಜಿಗೆ ಬಂದದ್ದು ಸಾಕಾ, ಎಲ್ಲಿಂದ ಇನ್ನಷ್ಟು ತೆಗೀಬೇಕು, ಯಾವ ಬಾಟಲಿಗೆ ಹಾಕಬೇಕು ಅಂತ ಆಗಲೇ ಹೇಳೋಕೆ. ಕ್ಯಾನ್ಸರ್ ಥರ ಕಂಡರೆ ಯಾವ ಔಷಧಿ ಹೊಂದುತ್ತೆ ಅಂತ ತಿಳಿಯೋಕೆ ಮಾಡೋ ಇಜಿಎಫ್‌ಆರ್, ಎಎಲ್‌ಕೆ ಪರೀಕ್ಷೆಗೂ ಸಾಕಾಗುವಷ್ಟು ತೆಗೆದುಕೊಳ್ಳಬಹುದು. ಪೂರ್ತಿ ರಿಪೋರ್ಟ್‌ಗೆ ಹೇಗೂ ದಿನಗಟ್ಟಲೆ ಕಾಯಬೇಕು. ಅಲ್ಲಿ ನಿಂತು ಮೇಡಂ ಮುಖ ನೋಡಿ ಅರ್ಥ ಹುಡುಕಬೇಡಿ.

ಕೋಲಾರವೋ ಬೆಂಗಳೂರೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ದಪ್ಪ ಸೂಜಿಯಲ್ಲಿ ಒಳ್ಳೆಯ ಚೂರುಗಳು ಸಿಕ್ಕರೆ ರೋಸ್ ಇಲ್ಲದೆಯೂ ಎಷ್ಟೋ ಸಲ ಕೆಲಸ ಆಗುತ್ತೆ. ಸೂಜಿ ಹಾಕೋ ಡಾಕ್ಟರನ್ನೇ ಮೊದಲು ಕೇಳಿ: “ಸ್ಯಾಂಪಲ್ ಸಾಕಾ ಅಂತ ಆವಾಗಲೇ ಯಾರು ನೋಡ್ತಾರೆ? ಫಾರ್ಮಲಿನ್ ಜೊತೆ ಸಲೈನ್ ಬಾಟಲಿಯೂ ಇಡ್ತೀರಾ?” ಎರಡಕ್ಕೂ ನೇರ ಉತ್ತರ ಕೊಡುವವರ ಹತ್ತಿರ ಮಾಡಿಸಿ. ಆಮೇಲೆ ಆ ದಿನ ಯಾರಾದರೂ ಹೊರಗೆ ಬಂದು ನಿಮ್ಮನ್ನೇ ಕೇಳಿದರೆ, ದಯವಿಟ್ಟು ನನ್ನ ಹಾಗೆ “ಬೇಡ” ಅನ್ನಬೇಡಿ.