ಇಳಿಯುವಾಗ ರೆಕ್ಕೆಯ ಮೇಲೆ ಎದ್ದು ನಿಲ್ಲುವ ತಗಡುಗಳು

ವಿಮಾನ ಇಳಿಯುವಾಗ ರೆಕ್ಕೆಯ ಹಿಂಭಾಗ ಕೆಳಗೆ ಚಾಚಿಕೊಂಡಿತು, ಚಕ್ರ ನೆಲ ಮುಟ್ಟಿದ ಕೂಡಲೇ ಮೇಲ್ಗಡೆ ತಗಡುಗಳು ಎದ್ದವು, ಏನಾದರೂ ಕಿತ್ತುಹೋಯಿತೇ ಎಂದು ಕೇಳಿದ್ದೀರಿ. ಏನೂ ಕಿತ್ತುಹೋಗಿಲ್ಲ. ಅವು ಎರಡು ಬೇರೆ ಬೇರೆ ಭಾಗಗಳು.

ಗುಂಯ್ ಎನ್ನುವ ಸದ್ದಿನೊಂದಿಗೆ ಹಿಂದಕ್ಕೆ ಜಾರಿ ಕೆಳಗೆ ಬಾಗುವುದು ಫ್ಲ್ಯಾಪ್. ವಿಮಾನದ ವೇಗ ಅರ್ಧಕ್ಕಿಳಿದರೆ, ರೆಕ್ಕೆಯ ಕೋನ ಬದಲಾಗದಿದ್ದಲ್ಲಿ, ಎತ್ತುವ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಫ್ಲ್ಯಾಪ್ ರೆಕ್ಕೆಯ ಬಾಗನ್ನೂ ವಿಸ್ತಾರವನ್ನೂ ಹೆಚ್ಚಿಸಿ ಆ ಕೊರತೆ ತುಂಬುತ್ತದೆ. ಬೋಯಿಂಗ್ 737ರಲ್ಲಿ ಫ್ಲ್ಯಾಪ್ ಹಿಡಿಕೆ ಮೇಲೇರುವಾಗ ಸಾಮಾನ್ಯವಾಗಿ 5ರ ಸ್ಥಾನದಲ್ಲಿ, ಇಳಿಯುವಾಗ 30 ಅಥವಾ 40ರಲ್ಲಿ; ಸಂಖ್ಯೆ ಹೆಚ್ಚಿದಷ್ಟೂ ಫ್ಲ್ಯಾಪ್ ಹೆಚ್ಚು ಚಾಚುತ್ತದೆ. ಏರುವಾಗ ಇದನ್ನು ಮರೆತರೆ ಎಷ್ಟು ಘೋರ ಎಂಬುದಕ್ಕೆ 1987ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ನಡೆದ ಅಪಘಾತವೇ ಸಾಕ್ಷಿ: ಫ್ಲ್ಯಾಪ್ ಚಾಚದೆ ಹೊರಟ ಎಂಡಿ-82 ವಿಮಾನ ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಬಿತ್ತು.

ಮೇಲೆ ಎದ್ದವು ಸ್ಪಾಯ್ಲರ್‌ಗಳು. ಚಕ್ರ ನೆಲ ಮುಟ್ಟಿದರೂ ರೆಕ್ಕೆ ಇನ್ನೂ ವಿಮಾನವನ್ನು ಎತ್ತುತ್ತಲೇ ಇರುತ್ತದೆ, ಪೂರ್ತಿ ಭಾರ ಟೈರಿನ ಮೇಲೆ ಬಿದ್ದಿರುವುದಿಲ್ಲ. ಆಗ ಬ್ರೇಕ್ ಹಾಕಿದರೆ ಹಿಡಿತ ಸಿಗದೆ ಟೈರ್ ಜಾರುತ್ತದೆ. ಸ್ಪಾಯ್ಲರ್ ಎದ್ದು ಗಾಳಿಯ ಹರಿವನ್ನು ಕೆಡಿಸಿದ ಕೂಡಲೇ ಎತ್ತುವ ಬಲ ಕುಸಿದು ಭಾರ ಚಕ್ರಕ್ಕೆ ಬೀಳುತ್ತದೆ, ಬ್ರೇಕ್ ಕಚ್ಚುತ್ತದೆ. ನನ್ನ ಪ್ರಕಾರ ಪ್ರಯಾಣಿಕರು ಅತಿ ಕಡಿಮೆ ಗಮನಿಸುವ, ಅತಿ ಮುಖ್ಯ ಭಾಗ ಇದೇ.

ಒಂದು ಬದಿಯ ಫ್ಲ್ಯಾಪ್ ಸಿಕ್ಕಿಕೊಂಡರೆ? ದೊಡ್ಡ ವಿಮಾನಗಳಲ್ಲಿ ಎರಡೂ ಬದಿಯ ಫ್ಲ್ಯಾಪ್‌ಗಳ ಸ್ಥಾನದಲ್ಲಿನ ವ್ಯತ್ಯಾಸವನ್ನು ಸೆನ್ಸರ್‌ಗಳು ಪತ್ತೆಹಚ್ಚಿ ಚಲನೆ ನಿಲ್ಲಿಸುತ್ತವೆ, ಇಲ್ಲವಾದರೆ ವಿಮಾನ ಒಂದು ಕಡೆಗೆ ಹೊರಳುತ್ತದೆ. ಆಮೇಲೆ ಪೈಲಟ್ ಹೆಚ್ಚು ವೇಗದಲ್ಲಿ ಇಳಿಯಬೇಕು, ರನ್‌ವೇಯೂ ಹೆಚ್ಚು ಬೇಕು.

ರೆಕ್ಕೆಯ ತುದಿಯ ಬಳಿ ಆಗಾಗ ಮೇಲೆ ಕೆಳಗೆ ಆಡುತ್ತಿದ್ದ ಸಣ್ಣ ಪಟ್ಟಿ ಏಲೆರಾನ್, ವಿಮಾನವನ್ನು ಎಡಕ್ಕೋ ಬಲಕ್ಕೋ ವಾಲಿಸುವುದು ಅದೇ.