ಹಾಲು ಉಕ್ಕಿಸಲು ಬಾಗಿಲು ತೆಗೆಯಿರಿ, ಕೀಲಿಕೈ ಮಾತ್ರ ಕೊಡಬೇಡಿ

ಪ್ರಶ್ನೆ: ರಾಯಚೂರಿನ ನಿಜಲಿಂಗಪ್ಪ ಕಾಲೋನಿಯಲ್ಲಿ ನಮ್ಮ ಮನೆ ಇದೆ. ಮಹಡಿ ಮನೆಗೆ ಹೊಸಬರು ಬರುತ್ತಿದ್ದಾರೆ. ಬಾಡಿಗೆ 7,000, ಅಡ್ವಾನ್ಸ್ 40,000 ಎಂದು ಮಾತಾಗಿದೆ. ಸದ್ಯ 5,000 ಕೊಟ್ಟು, ‘ಅಮಾವಾಸ್ಯೆ ಒಳಗ ಹಾಲು ಉಕ್ಕಿಸಬೇಕ್ರಿ, ಕೀಲಿ ಕೊಡ್ರಿ, ಉಳಿದದ್ದು ಪಗಾರ ಆದಮ್ಯಾಲೆ ಕೊಡ್ತೀವಿ’ ಅಂತಾರೆ. ಖಾಲಿ ಮಾಡಿದ ಹಳಬರಿಗೆ ಅಡ್ವಾನ್ಸ್ ವಾಪಸ್ ಕೊಡುವುದು ಇನ್ನೂ ಬಾಕಿ ಇದೆ, ಆ ದುಡ್ಡು ಖರ್ಚಾಗಿದೆ. ಏನು ಮಾಡಲಿ?

ಉತ್ತರ: ಕೀಲಿಕೈ ಕೊಡಬೇಡಿ ತಾಯಿ. ಹಾಲು ಉಕ್ಕಿಸುವ ದಿನ ನೀವೇ ಬಾಗಿಲು ತೆಗೆದುಕೊಡಿ. ಪೂಜೆ ಮುಗಿದ ಮೇಲೆ ಬೀಗ ಹಾಕಿ ಕೆಳಗೆ ಬನ್ನಿ. ಒಮ್ಮೆ ಸಾಮಾನು ಒಳಗೆ ಬಂತೆಂದರೆ ಮನೆ ಅವರ ಸ್ವಾಧೀನಕ್ಕೆ ಹೋದಂತೆ. ಆಮೇಲೆ ದುಡ್ಡು ಬರಲಿಲ್ಲವೆಂದು ನೀರು, ಕರೆಂಟು ಕಡಿಯುವಂತಿಲ್ಲ, ಬೀಗ ಜಡಿಯುವಂತಿಲ್ಲ. ಕೋರ್ಟಿಗೇ ಹೋಗಬೇಕು.

ಅವರಿಗೆ ಹಣ ಹೊಂದಿಸುವುದು ನಿಜಕ್ಕೂ ಕಷ್ಟವಾಗಿದ್ದರೆ ಉದ್ರಿ ಹೇಳಬೇಡಿ, ಅಡ್ವಾನ್ಸನ್ನೇ ಇಳಿಸಿ. 40,000 ಅಂದರೆ ಹತ್ತಿರಹತ್ತಿರ ಆರು ತಿಂಗಳ ಬಾಡಿಗೆ, ನನಗದು ಭಾರವೆನಿಸುತ್ತದೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟು ಮಿತಿ ಹೇಳುತ್ತದೆ. ಮಾದರಿ ಕಾಯ್ದೆಯಾದ್ದರಿಂದ ತಾನಾಗಿಯೇ ನಿಮ್ಮನ್ನು ಕಟ್ಟುವುದಿಲ್ಲ, ಆದರೆ ಆ ಅಳತೆಯಲ್ಲಿ ನ್ಯಾಯವಿದೆ. ಮೂರು ತಿಂಗಳಿಗೆ ಒಪ್ಪಿಕೊಳ್ಳಿ: 21,000. ಕೊಟ್ಟ 5,000 ಕಳೆದು 16,000, ಮೊದಲ ತಿಂಗಳ ಬಾಡಿಗೆ 7,000, ಒಟ್ಟು 23,000 ಬಂದ ದಿನ ಕೀಲಿಕೈ ಕೊಡಿ.

ಹಣ ಬ್ಯಾಂಕ್ ಖಾತೆಗೇ ಬರಲಿ. 20,000 ಮತ್ತು ಅದಕ್ಕಿಂತ ಹೆಚ್ಚಿನ ಠೇವಣಿಯನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ತಡೆಯಿದೆ, ಪಡೆದಷ್ಟೇ ಮೊತ್ತ ದಂಡ ಬೀಳಬಹುದು. ಫೋನಿನಲ್ಲಿ ತೋರಿಸುವ ಸ್ಕ್ರೀನ್‌ಶಾಟ್ ನೆಚ್ಚಬೇಡಿ, ನಿಮ್ಮ ಖಾತೆ ತೆರೆದು ನೋಡಿ. ರಸೀದಿಯಲ್ಲಿ ಅಡ್ವಾನ್ಸ್ ಇಷ್ಟು, ಬಾಡಿಗೆ ಇಷ್ಟು ಎಂದು ಬಿಡಿಸಿ ಬರೆಯಿರಿ. ‘ಒಟ್ಟು ಸಂದಾಯ’ ಎಂದು ಒಂದೇ ಸಾಲು ಗೀಚಿದ ಚೀಟಿ ಹಿಡಿದುಕೊಂಡು ಜಗಳವಾಡುತ್ತ ಬರುವವರನ್ನು ನಾನು ಬಹಳ ನೋಡಿದ್ದೇನೆ.

ಇನ್ನು ಹಳಬರ ದುಡ್ಡು. ನೊಂದುಕೊಳ್ಳಬೇಡಿ, ಅದು ಯಾವತ್ತೂ ನಿಮ್ಮದಾಗಿರಲಿಲ್ಲ. ಮನೆ ಖಾಲಿ ಮಾಡಿದ ದಿನವೇ, ಬಾಕಿ ಮತ್ತು ರಿಪೇರಿ ಖರ್ಚಿದ್ದರೆ ಲೆಕ್ಕ ತೋರಿಸಿ ಹಿಡಿದುಕೊಂಡು, ಉಳಿದದ್ದನ್ನು ಕೊಡಬೇಕಿತ್ತು. ಆ ಕುಟುಂಬವೂ ಎಲ್ಲೋ ಇನ್ನೊಂದು ಮನೆಗೆ ಅಡ್ವಾನ್ಸ್ ಹೊಂದಿಸಲು ಒದ್ದಾಡುತ್ತಿರುತ್ತದೆ. ಈ ಸಲ ಬೇರೆ ದಾರಿಯಿಲ್ಲದಿದ್ದರೆ ಹೊಸ ಹಣದಿಂದಲೇ ಅವರ ಸಾಲ ತೀರಿಸಿ. ಕಡಿಮೆ ಬಿದ್ದದ್ದಕ್ಕೆ ತಾರೀಖು ಬರೆದುಕೊಡಿ. ಆದರೆ ಮುಂದಿನ ತಿಂಗಳಿಂದ ಬಾಡಿಗೆಯಲ್ಲಿ 2,000 ತೆಗೆದು ಬೇರೆ ಖಾತೆಗೆ ಹಾಕುತ್ತ ಬನ್ನಿ. ಹನ್ನೊಂದು ತಿಂಗಳಿಗೆ 22,000 ಆಗುತ್ತದೆ, ಹೊಸಬರ ಅಡ್ವಾನ್ಸ್ ಮತ್ತೆ ಭರ್ತಿಯಾಗುತ್ತದೆ.

ಕರಾರು ಪತ್ರ ಹನ್ನೊಂದು ತಿಂಗಳಿಗೆ ಸಾಕು, ವರ್ಷ ಮೀರಿದರೆ ನೋಂದಣಿ ಮಾಡಿಸಲೇಬೇಕು. ಜೆಸ್ಕಾಂ ಮೀಟರಿನ ರೀಡಿಂಗ್ ಫೋಟೊ ತೆಗೆದುಕೊಳ್ಳಿ. ಹಳಬರ ಆಧಾರ್ ಗೃಹಜ್ಯೋತಿಗೆ ಜೋಡಣೆಯಾಗಿದ್ದರೆ ರದ್ದು ಮಾಡಿಸಲು ಹೇಳಿ, ಹೊಸಬರು ಅರ್ಜಿ ಹಾಕಿಕೊಳ್ಳಲಿ. ಕೀಲಿಕೈ ಎಷ್ಟು ಕೊಟ್ಟಿರೆಂಬುದನ್ನೂ ರಸೀದಿಯ ಹಿಂದೆ ಬರೆದು ಸಹಿ ಹಾಕಿಸಿ: ಬಾಗಿಲಿನವು ಎರಡು, ಗೇಟಿನದು ಒಂದು.